ದುಡಿಯುವ ವಯಸ್ಸಿನವರು ಹೆಚ್ಚಿದರೆ ವರ್ಷಕ್ಕೆ ಎಷ್ಟು ಹೊಸ ಉದ್ಯೋಗ ಬೇಕು? ಒಂದೇ ಕೋಷ್ಟಕದಿಂದ ಮೂರು ಉತ್ತರ ಬರುತ್ತಿದೆ

ಪ್ರಶ್ನೆ: ಕೋಷ್ಟಕ_ಅಭ್ಯಾಸ

ನಮಸ್ಕಾರ. ಅಭಿವೃದ್ಧಿಶೀಲ ದೇಶವೊಂದರಲ್ಲಿ ಮುಂದಿನ 5 ವರ್ಷ, ವರ್ಷಕ್ಕೆ ಎಷ್ಟು ಹೊಸ ಉದ್ಯೋಗ ಬೇಕಾಗುತ್ತದೆ ಎಂಬ ಲೆಕ್ಕವನ್ನು ತರಗತಿಯ ಅಭ್ಯಾಸಕ್ಕೆಂದು ಸಿದ್ಧಮಾಡುತ್ತಿದ್ದೇನೆ. ದೇಶ ಕಲ್ಪಿತ, ಒಟ್ಟು ಜನಸಂಖ್ಯೆ 5 ಕೋಟಿ. ವಯೋಗುಂಪುಗಳು ಲಕ್ಷದಲ್ಲಿ ಹೀಗಿವೆ:

0–4: 52, 5–9: 54, 10–14: 55
15–19: 52, 20–24: 48, 25–29: 43, 30–34: 38, 35–39: 33
40–44: 29, 45–49: 24, 50–54: 19, 55–59: 14, 60–64: 11
65 ಮತ್ತು ಮೇಲ್ಪಟ್ಟು: 28

15ರಿಂದ 64ರವರೆಗಿನವರು 311 ಲಕ್ಷ. ಒಟ್ಟು ಜನಸಂಖ್ಯೆ ವರ್ಷಕ್ಕೆ ಸುಮಾರು ಶೇ. 1.5ರಷ್ಟು ಬೆಳೆಯುತ್ತಿದೆ ಎಂದಿಟ್ಟುಕೊಂಡಿದ್ದೇನೆ.

311ಕ್ಕೆ ಶೇ. 1.5 ಹಾಕಿದರೆ ವರ್ಷಕ್ಕೆ 4.7 ಲಕ್ಷ. 10–14ರ ಗುಂಪನ್ನು 5ರಿಂದ ಭಾಗಿಸಿದರೆ 11 ಲಕ್ಷ. 60–64ರವರು ಹೊರಗೆ ಹೋಗುವುದನ್ನು ಮಾತ್ರ ಕಳೆದರೆ 8.8 ಲಕ್ಷ. ಇವುಗಳಲ್ಲಿ ಯಾವುದು ಸರಿ? ಯಾವುದೂ ಸರಿಯಲ್ಲದಿದ್ದರೆ ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹಂತ ಹಂತವಾಗಿ ತಿಳಿಸಿ. ಜನನ ಪ್ರಮಾಣ ಮುಂದೆ ಎಷ್ಟು ಇಳಿಯುತ್ತದೆ ಎನ್ನುವುದನ್ನೂ ಊಹಿಸಬೇಕಾ? ಅಲ್ಲೇ ನನಗೆ ದೊಡ್ಡ ಅನುಮಾನ.

ಉತ್ತರ 1: ವಯೋಗೋಪುರ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಜನನ ಪ್ರಮಾಣವನ್ನು ಊಹಿಸುವ ಅಗತ್ಯವೇ ಇಲ್ಲ. ಇನ್ನು 5 ವರ್ಷಕ್ಕೆ 15 ದಾಟುವವರೆಲ್ಲ ಈಗಾಗಲೇ ಹುಟ್ಟಿ ಶಾಲೆಯಲ್ಲಿದ್ದಾರೆ. ಇವತ್ತು ಹುಟ್ಟುವ ಮಗು ನಿಮ್ಮ ಕೋಷ್ಟಕದ ಈ ಭಾಗಕ್ಕೆ ಬರುವುದು 15 ವರ್ಷದ ಮೇಲೆ. ಚರ್ಚೆಗಳಲ್ಲಿ ಎಲ್ಲರೂ ಜನನ ಪ್ರಮಾಣದ ಮೇಲೇ ಜಗ್ಗಾಡುತ್ತಾರೆ. ಆದರೆ ಉದ್ಯೋಗದ ಲೆಕ್ಕ ಕೆಡುವುದು ಅಲ್ಲಿಂದಲ್ಲ.

ಸ್ಪ್ರೆಡ್‌ಶೀಟಿನಲ್ಲಿ ಒಂದೊಂದು ವಯೋಗುಂಪಿಗೆ ಒಂದೊಂದು ಸಾಲು ಇಡಿ. ಮೊದಲ ಕಾಲಂನಲ್ಲಿ ಈಗಿನ ಸಂಖ್ಯೆ, ಎರಡನೆಯದರಲ್ಲಿ ಬದುಕುಳಿಯುವ ಪ್ರಮಾಣ (5 ವರ್ಷದ ನಂತರವೂ ಬದುಕಿರುವವರ ಪಾಲು), ಮೂರನೆಯದರಲ್ಲಿ 5 ವರ್ಷದ ನಂತರದ ಸಂಖ್ಯೆ. ಮೂರನೆಯ ಕಾಲಂ ತುಂಬುವಾಗ ಒಂದು ಸಾಲು ಕೆಳಗಿಳಿಯಬೇಕು, ಏಕೆಂದರೆ ಈಗಿನ 20–24ರವರು ಆಗ 25–29ರಲ್ಲಿರುತ್ತಾರೆ. ಕೆಳಗಿಳಿಸದೆ ಅದೇ ಸಾಲಿನಲ್ಲಿ ಗುಣಿಸಿಬಿಡುವುದು ಹೊಸಬರಲ್ಲಿ ತೀರಾ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಯಾರಿಗೂ ವಯಸ್ಸೇ ಆಗುವುದಿಲ್ಲ, ಸಾವು ಮಾತ್ರ ಆಗುತ್ತದೆ.

ಬದುಕುಳಿಯುವ ಪ್ರಮಾಣ ಸಿಗುವುದು ಲೈಫ್ ಟೇಬಲಿನ (ಯಾವ ವಯಸ್ಸಿನವರೆಗೆ ಎಷ್ಟು ಮಂದಿ ಬದುಕಿರುತ್ತಾರೆ ಎಂದು ತೋರಿಸುವ ಕೋಷ್ಟಕ) ದೊಡ್ಡಕ್ಷರದ ‘ಎಲ್’ ಕಾಲಂನಿಂದ, ಅಂದರೆ ಆ ವಯೋಗುಂಪಿನಲ್ಲಿ ಎಲ್ಲರೂ ಸೇರಿ ಬದುಕಿದ ಒಟ್ಟು ವರ್ಷಗಳಿಂದ: 15–19ರ ಎಲ್ ಅನ್ನು 10–14ರ ಎಲ್‌ನಿಂದ ಭಾಗಿಸಿದರೆ 10–14ರವರ ಪ್ರಮಾಣ. ಸಣ್ಣಕ್ಷರದ ಎಲ್ ಬಳಸಬೇಡಿ. ಅದು ಕರಾರುವಾಕ್ಕಾಗಿ ಆ ಹುಟ್ಟುಹಬ್ಬದ ದಿನ ಬದುಕಿರುವವರ ಸಂಖ್ಯೆ, ಗುಂಪಿನ ಸಂಖ್ಯೆಯಲ್ಲ. ದೇಶಕ್ಕೆ ಸ್ವಂತ ಲೈಫ್ ಟೇಬಲ್ ಇಲ್ಲದಿದ್ದರೆ ಕೋಲ್–ಡೆಮೆನಿ ಮಾದರಿ ಕೋಷ್ಟಕಗಳ (ಬೇರೆ ಬೇರೆ ಮರಣ ಮಟ್ಟಗಳಿಗೆ ಸಿದ್ಧಮಾಡಿಟ್ಟ ಲೈಫ್ ಟೇಬಲ್‌ಗಳು) ‘ವೆಸ್ಟ್’ ಕುಟುಂಬದಿಂದ ಸಮೀಪದ ಮಟ್ಟವೊಂದನ್ನು ಆರಿಸಿಕೊಳ್ಳುವುದು ರೂಢಿ. ವಿಶ್ವಸಂಸ್ಥೆಯ ಜನಸಂಖ್ಯಾ ಮುನ್ನೋಟದಲ್ಲೂ ಎಲ್ಲ ದೇಶಗಳ ಲೈಫ್ ಟೇಬಲ್ ಉಚಿತವಾಗಿ ಸಿಗುತ್ತದೆ.

ನಿಮ್ಮ ಅಭ್ಯಾಸಕ್ಕೆ ಈ ಪ್ರಮಾಣಗಳನ್ನು ಇಟ್ಟುಕೊಳ್ಳಿ. 10–14ರಿಂದ ಶುರುಮಾಡಿ 55–59ರವರೆಗೆ: 0.995, 0.994, 0.992, 0.990, 0.988, 0.984, 0.978, 0.968, 0.952, 0.930.

ಈಗ ಲೆಕ್ಕ:

ಒಳಗೆ ಬರುವವರು: 55 × 0.995 = 54.7 ಲಕ್ಷ
ಹೊರಗೆ ಹೋಗುವವರು: 60–64ರ 11 ಲಕ್ಷ ಪೂರ್ತಿ (ಕೆಲವರು 65 ದಾಟುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ, ಹೇಗೂ ಈ ಗುಂಪಿನಲ್ಲಿ ಉಳಿಯುವುದಿಲ್ಲ)
15ರಿಂದ 59ರವರಲ್ಲಿ 5 ವರ್ಷದ ಸಾವು: ಸಾಲು ಸಾಲಾಗಿ ಕೂಡಿದರೆ 5.4 ಲಕ್ಷ
5 ವರ್ಷದ ನಂತರ: 311 + 54.7 − 11 − 5.4 = 349.3 ಲಕ್ಷ

ಹೆಚ್ಚಳ 38.3 ಲಕ್ಷ, ಅಂದರೆ ವರ್ಷಕ್ಕೆ 7.7 ಲಕ್ಷ. ನೀವು 8.8ರಲ್ಲಿ ನಿಂತದ್ದು ನಡುವಿನ ಸಾವುಗಳನ್ನು ಮರೆತಿದ್ದಕ್ಕೆ. ವಾರ್ಷಿಕ ಬೆಳವಣಿಗೆ ದರ ಬೇಕಿದ್ದರೆ 349.3 ÷ 311ರ ಸ್ವಾಭಾವಿಕ ಲಾಗರಿದಮ್ ತೆಗೆದು 5ರಿಂದ ಭಾಗಿಸಿ, ಶೇ. 2.3 ಬರುತ್ತದೆ. ಒಟ್ಟು ಜನಸಂಖ್ಯೆಯ ಶೇ. 1.5 ಎಲ್ಲಿ, ಇದು ಎಲ್ಲಿ! ಜನನ ಪ್ರಮಾಣ ಇಳಿಯುತ್ತಿರುವ ದೇಶದಲ್ಲಿ ಒಟ್ಟು ದರವನ್ನು ದುಡಿಯುವ ವಯಸ್ಸಿನವರಿಗೆ ಹಾಕಲೇಬಾರದು. ಮಕ್ಕಳ ಸಾಲುಗಳು ಬೆಳೆಯುವುದನ್ನು ನಿಲ್ಲಿಸಿದ್ದರೂ ಮೇಲಿನ ಸಾಲುಗಳು ಇನ್ನೂ ಹಳೆಯ ಜನನಗಳಿಂದಲೇ ತುಂಬುತ್ತಿರುತ್ತವೆ.

ಈ ಶೇ. 2.3 ಅನ್ನು 10, 15 ವರ್ಷಕ್ಕೆ ಎಳೆಯಬೇಡಿ. ಇದೇ ಪ್ರಮಾಣಗಳನ್ನು ಇಟ್ಟುಕೊಂಡು (5–9ರವರಿಗೆ 0.994 ಹಿಡಿದು) ಎರಡನೆಯ 5 ವರ್ಷ ಲೆಕ್ಕ ಹಾಕಿದರೆ ಒಳಬರುವವರು 53.4 ಲಕ್ಷ, ಹೆಚ್ಚುಕಡಿಮೆ ಅಷ್ಟೇ. ಆದರೆ ಹೊರಹೋಗುವವರು 11ರಿಂದ 13ಕ್ಕೆ, ನಡುವಿನ ಸಾವು 6.3ಕ್ಕೆ ಏರುತ್ತದೆ. ಹೆಚ್ಚಳ ವರ್ಷಕ್ಕೆ 6.8 ಲಕ್ಷಕ್ಕೂ ದರ ಶೇ. 1.9ಕ್ಕೂ ಇಳಿಯುತ್ತದೆ.

ಉತ್ತರ 2: ಶ್ರಮಬಲ_ಲೆಕ್ಕ

ವಯೋಗೋಪುರ ಅವರ ಲೆಕ್ಕ ಸರಿಯಾಗಿದೆ. ಆದರೆ 7.7 ಲಕ್ಷ ಅಂದರೆ ಜನ, ಉದ್ಯೋಗವಲ್ಲ. ಇಲ್ಲಿಗೇ ನಿಲ್ಲಿಸಿದರೆ ಓದುವ ಮಕ್ಕಳಿಗೂ ಉದ್ಯೋಗ ಕೊಡಬೇಕೆಂದ ಹಾಗಾಗುತ್ತದೆ. ಇನ್ನೆರಡು ಹೆಜ್ಜೆ ಇದೆ.

ಮೊದಲನೆಯದು ಶ್ರಮಬಲದಲ್ಲಿ ಭಾಗವಹಿಸುವವರ ಪ್ರಮಾಣ: ಕೆಲಸ ಮಾಡುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಸೇರಿ ನೂರಕ್ಕೆ ಎಷ್ಟು ಮಂದಿ. ಗಂಡಸರಲ್ಲಿ ಶೇ. 80, ಹೆಂಗಸರಲ್ಲಿ ಶೇ. 40 ಎಂದಿಟ್ಟುಕೊಳ್ಳಿ. ಇಬ್ಬರೂ ಸಮ ಇದ್ದರೆ ಸರಾಸರಿ ಶೇ. 60. ಶ್ರಮಬಲ ಈಗ 186.6 ಲಕ್ಷ. ಪ್ರಮಾಣ ಬದಲಾಗದಿದ್ದರೆ 5 ವರ್ಷದ ಮೇಲೆ 209.6 ಲಕ್ಷ. ವರ್ಷಕ್ಕೆ 4.6 ಲಕ್ಷ ಹೆಚ್ಚುತ್ತದೆ. ನಿಮ್ಮ ಮೊದಲ ಉತ್ತರ 4.7 ಇದರ ಪಕ್ಕಕ್ಕೇ ಬಂದಿದೆಯಲ್ಲ, ಅದು ಕಾಕತಾಳೀಯ. ಎರಡು ತಪ್ಪು ಒಂದನ್ನೊಂದು ಕಳೆದುಕೊಂಡಿವೆ. ವಿದ್ಯಾರ್ಥಿಗಳಿಗೆ ಇದನ್ನು ಖಂಡಿತ ತೋರಿಸಿ, ಬೇರೆ ವಯೋರಚನೆ ಕೊಟ್ಟ ತಕ್ಷಣ ಆ ಹೊಂದಾಣಿಕೆ ಮುರಿದುಬೀಳುತ್ತದೆ.

ಈಗ ಹೆಂಗಸರ ಪ್ರಮಾಣ 5 ವರ್ಷದಲ್ಲಿ ಶೇ. 40ರಿಂದ 45ಕ್ಕೆ ಏರಿತು ಅನ್ನಿ. ಸರಾಸರಿ 62.5, ಶ್ರಮಬಲ 218.3 ಲಕ್ಷ, ಹೆಚ್ಚಳ ವರ್ಷಕ್ಕೆ 6.3 ಲಕ್ಷ. ಬರೀ 5 ಅಂಶದ ಏರಿಕೆಗೆ ಬೇಕಾದ ಉದ್ಯೋಗ ಮೂರನೆಯ ಒಂದು ಭಾಗಕ್ಕೂ ಮಿಗಿಲಾಗಿ ಹೆಚ್ಚಿತು! ವಯಸ್ಸಿನ ಕೋಷ್ಟಕವನ್ನು ದಶಮಾಂಶದವರೆಗೆ ಉಜ್ಜಿ ಉಜ್ಜಿ ಈ ಒಂದು ಸಂಖ್ಯೆಯನ್ನು ‘ಇದ್ದ ಹಾಗೇ ಇರಲಿ’ ಎಂದು ಬಿಟ್ಟುಬಿಡುವುದನ್ನು ನಾನು ಒಪ್ಪಲಾರೆ. ಕನಿಷ್ಠ ಮೂರು ಸನ್ನಿವೇಶ ಮಾಡಲೇಬೇಕು.

ಇದು ಕಲ್ಪನೆಯ ಏರಿಕೆಯೂ ಅಲ್ಲ. ಭಾರತದ ನಿಯತಕಾಲಿಕ ಶ್ರಮಬಲ ಸಮೀಕ್ಷೆಯಲ್ಲಿ 15 ದಾಟಿದ ಹೆಂಗಸರ ಪ್ರಮಾಣ 2017–18ರಲ್ಲಿ ಶೇ. 23.3 ಇದ್ದದ್ದು 2023–24ರಲ್ಲಿ ಶೇ. 41.7 ಆಗಿತ್ತು. ಆರು ವರ್ಷದಲ್ಲಿ 18 ಅಂಶ. ಆ ಏರಿಕೆಯಲ್ಲಿ ಸಂಬಳದ ಕೆಲಸ ಎಷ್ಟು, ಮನೆಯ ಹೊಲ, ಮನೆಯ ಅಂಗಡಿಯ ಸಂಬಳವಿಲ್ಲದ ದುಡಿಮೆ ಎಷ್ಟು ಎಂಬುದನ್ನು ಬೇರೆ ಮಾಡಿ ನೋಡಬೇಕು. ಹಾಗೆ ನೋಡದೆ ಅಷ್ಟೂ ‘ಹೊಸ ಉದ್ಯೋಗ’ ಎಂದು ಬರೆದರೆ ಓದುವವರಿಗೆ ಮೋಸ.

ಭಾಗವಹಿಸುವಿಕೆಯನ್ನು ಒಂದೇ ಸರಾಸರಿಯಾಗಿ ಇಡದೆ ವಯೋಗುಂಪುವಾರು, ಗಂಡು-ಹೆಣ್ಣುವಾರು ಇಡಿ. 15–19ರಲ್ಲಿ ಅದು ಇಳಿಯುತ್ತಾ ಹೋಗುತ್ತದೆ, ಏಕೆಂದರೆ ಮಕ್ಕಳು ಹೆಚ್ಚು ವರ್ಷ ಓದುತ್ತಾರೆ. ಆ ಇಳಿಕೆಯನ್ನು ಕಂಡು ಗಾಬರಿಯಾಗಬೇಕಿಲ್ಲ, ಒಳ್ಳೆಯದೇ. ಅದೇ ಮಕ್ಕಳು 22, 23ರಲ್ಲಿ ಡಿಗ್ರಿ ಹಿಡಿದು ಬರುತ್ತಾರೆ. ಬೇಡಿಕೆ ತಪ್ಪಿಹೋಗುವುದಿಲ್ಲ, ತಡವಾಗಿ ಬರುತ್ತದೆ ಅಷ್ಟೆ. ಮತ್ತು ಬೇರೆ ಬಗೆಯ ಕೆಲಸ ಕೇಳಿಕೊಂಡು ಬರುತ್ತದೆ.

ಎರಡನೆಯ ಹೆಜ್ಜೆ ಕೃಷಿಯಿಂದ ಹೊರಬರುವವರು. ನಿರುದ್ಯೋಗ ಶೇ. 5ರಲ್ಲೇ ನಿಂತರೆ 6.3ರಲ್ಲಿ ಉದ್ಯೋಗವಾಗಿ ಬೇಕಾದದ್ದು 6 ಲಕ್ಷ. ಈಗ ಉದ್ಯೋಗದಲ್ಲಿರುವ 177 ಲಕ್ಷದಲ್ಲಿ ಶೇ. 45, ಅಂದರೆ ಸುಮಾರು 80 ಲಕ್ಷ ಮಂದಿ ಕೃಷಿಯಲ್ಲಿದ್ದು, 5 ವರ್ಷದಲ್ಲಿ ಅದು 75ಕ್ಕೆ ಇಳಿದರೆ ವರ್ಷಕ್ಕೆ ಇನ್ನೊಂದು ಲಕ್ಷ ಸೇರುತ್ತದೆ. ಒಟ್ಟು 7 ಲಕ್ಷ ಕೃಷಿಯೇತರ ಉದ್ಯೋಗ. ಭಾರತದ 2023–24ರ ಆರ್ಥಿಕ ಸಮೀಕ್ಷೆ 2030ರವರೆಗೆ ವರ್ಷಕ್ಕೆ ಸರಾಸರಿ 78.5 ಲಕ್ಷ ಕೃಷಿಯೇತರ ಉದ್ಯೋಗ ಬೇಕು ಎಂದಾಗ ಕೃಷಿಯ ಪಾಲು ಮೆಲ್ಲಗೆ ಇಳಿಯುವುದನ್ನೂ ಹೀಗೇ ಸೇರಿಸಿಕೊಂಡಿತ್ತು. ಅಂಥ ಸಂಖ್ಯೆಯನ್ನು ಬೇರೆ ಸಂಖ್ಯೆಯ ಪಕ್ಕದಲ್ಲಿಡುವ ಮೊದಲು ‘ಕೃಷಿಯೇತರ’ ಎಂಬ ಪದ ಇದೆಯೇ ನೋಡಿಕೊಳ್ಳಿ.

ನಿಮ್ಮ 11 ಲಕ್ಷವೂ ವ್ಯರ್ಥವಲ್ಲ. ಅದು ವರ್ಷಕ್ಕೆ 15 ದಾಟುವವರ ಸಂಖ್ಯೆ. ಪ್ರೌಢಶಾಲೆಯ ಮುಂದಿನ ಸೀಟು, ತರಬೇತಿ ಕೇಂದ್ರ, ಬೋಧಕರ ಸಂಖ್ಯೆ ಲೆಕ್ಕ ಹಾಕುವುದು ಅದರಿಂದಲೇ. ಅಲ್ಲಿ ನಿವೃತ್ತರಾಗುವವರನ್ನು ಕಳೆದರೆ ತಪ್ಪಾಗುತ್ತದೆ, ಯಾಕೆಂದರೆ ಯಾರೋ ನಿವೃತ್ತರಾದರು ಎಂದು ಹುಡುಗಿಯೊಬ್ಬಳಿಗೆ ತರಬೇತಿ ಬೇಡವಾಗುವುದಿಲ್ಲ.

ಉತ್ತರ 3: ಸಮೀಕ್ಷೆ_ತಪಾಸಣೆ

ಇಬ್ಬರೂ ಕೋಷ್ಟಕವನ್ನು ನಂಬಿಕೊಂಡು ಲೆಕ್ಕ ಹೇಳಿದ್ದಾರೆ. ಅಭ್ಯಾಸಕ್ಕೆ ಅಷ್ಟು ಸಾಕು. ನಿಜವಾದ ದೇಶದ ಅಂಕಿ ಕೈಗೆ ಬಂದಾಗ ಮೊದಲು ವಯಸ್ಸನ್ನೇ ತಪಾಸಣೆ ಮಾಡಬೇಕು.

ಜನನ ನೋಂದಣಿ ದುರ್ಬಲವಾಗಿರುವ ಕಡೆ ಗಣತಿದಾರರು ವಯಸ್ಸು ಕೇಳಿದರೆ ಬರುವ ಉತ್ತರ ‘30 ಇರಬಹುದು’, ‘45 ಬರ್ಕೊಳ್ಳಿ’. 0 ಮತ್ತು 5ರಲ್ಲಿ ಮುಗಿಯುವ ವಯಸ್ಸುಗಳು ಉಬ್ಬುತ್ತವೆ, 29, 31, 44, 46 ಸೊರಗುತ್ತವೆ. ಅಳೆಯಲು ವಿಪಲ್ ಸೂಚ್ಯಂಕವಿದೆ. 23ರಿಂದ 62ರವರೆಗಿನವರಲ್ಲಿ 25, 30, 35 ಹೀಗೆ 60ರವರೆಗಿನ ವಯಸ್ಸು ಹೇಳಿದವರನ್ನು ಕೂಡಿ, 5ರಿಂದ ಗುಣಿಸಿ, 23–62ರ ಒಟ್ಟು ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿ. 100 ಬಂದರೆ ಒಲವಿಲ್ಲ, 500 ಬಂದರೆ ಎಲ್ಲರೂ 0, 5ರಲ್ಲೇ ಹೇಳಿದ್ದಾರೆ. 105ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿಯಿಂದ ಮುಂದುವರಿಯಿರಿ. 125 ದಾಟಿದರೆ ಒರಟು ಅಂಕಿ, 175 ದಾಟಿದರೆ ಒಂದೊಂದು ವರ್ಷದ ವಯಸ್ಸನ್ನು ಬಳಸಲೇಬೇಡಿ.

ನಿಮ್ಮ ಲೆಕ್ಕಕ್ಕೆ ಇದು ಏಕೆ ತಟ್ಟುತ್ತದೆ ಎಂದರೆ, ಬಾಗಿಲು ಇರುವುದೇ 15 ಮತ್ತು 65ರಲ್ಲಿ. 13, 14ರವರನ್ನು ‘15’ ಎಂದು ಬರೆದರೆ ಅವರು ಈಗಾಗಲೇ ಒಳಗೆ ಬಂದವರ ಲೆಕ್ಕಕ್ಕೆ ಸೇರುತ್ತಾರೆ, 10–14ರ ಗುಂಪು ಸಣ್ಣದಾಗಿ ಮುಂದಿನ 5 ವರ್ಷದ ಒಳಹರಿವು ಕಡಿಮೆ ಕಾಣುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ಮನೆಮನೆ ಆರೋಗ್ಯ ಸಮೀಕ್ಷೆಗಳಲ್ಲಿದೆ. ಅಲ್ಲಿ 15ರಿಂದ 49ರ ಹೆಂಗಸರಿಗೆ ಉದ್ದನೆಯ ಪ್ರಶ್ನಾವಳಿ ಇರುತ್ತದೆ. 15 ವರ್ಷದ ಹುಡುಗಿಯನ್ನು 14 ಎಂದೂ 49ರವರನ್ನು 50 ಎಂದೂ ಬರೆದುಬಿಟ್ಟರೆ ಸಂದರ್ಶಕರಿಗೆ ಒಂದು ಗಂಟೆಯ ಕೆಲಸ ಉಳಿಯಿತು. ಕಂಡುಹಿಡಿಯುವುದು ಸುಲಭ: ಹುಡುಗಿಯರಲ್ಲಿ 14ರವರನ್ನು 15ರವರಿಂದ ಭಾಗಿಸಿ, ಹುಡುಗರಲ್ಲೂ ಹಾಗೇ ಮಾಡಿ. ಹುಡುಗಿಯರ ಅನುಪಾತ ಮಾತ್ರ ಎದ್ದು ಕಂಡರೆ ವಯಸ್ಸನ್ನು ತಳ್ಳಿದ್ದಾರೆ ಎಂದೇ ಅರ್ಥ. ಗಂಡಸರಿಗೂ ಅಂಥದೇ ಪ್ರಶ್ನಾವಳಿ ಇದ್ದರೆ ಈ ಹೋಲಿಕೆ ಕೈಕೊಡುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಇನ್ನು 0–4ರ ಸಾಲು. ಗಣತಿಯಲ್ಲಿ ಹಸುಗೂಸುಗಳನ್ನು ಹೇಳಲು ಮನೆಯವರೇ ಮರೆಯುತ್ತಾರೆ, ಆ ಸಾಲು ಬಹುಪಾಲು ದೇಶಗಳಲ್ಲಿ ಕಡಿಮೆ ಎಣಿಕೆಯಾಗಿರುತ್ತದೆ. 5–9ಕ್ಕಿಂತ 0–4 ಸಣ್ಣದಾಗಿದೆ ಎಂದ ಕೂಡಲೇ ‘ಜನನ ಇಳಿಯಿತು’ ಎಂದು ತೀರ್ಮಾನಿಸಬೇಡಿ.

ಶ್ರಮಬಲ_ಲೆಕ್ಕ ಅವರು ಹೇಳಿದ ಹೆಂಗಸರ ಪ್ರಮಾಣದ ಬಗ್ಗೆ ಒಂದು ಮಾತು. ‘ನಿಮ್ಮ ಮುಖ್ಯ ಕೆಲಸ ಏನು?’ ಎಂದಷ್ಟೇ ಕೇಳಿದರೆ ‘ಮನೆಗೆಲಸ’ ಎನ್ನುತ್ತಾರೆ. ‘ಕಳೆದ 7 ದಿನದಲ್ಲಿ ಹೊಲದಲ್ಲಿ, ದನಕರುಗಳ ಜೊತೆ, ಮನೆಯ ವ್ಯಾಪಾರದಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ?’ ಎಂದು ಬಿಡಿಸಿ ಕೇಳಿದರೆ ಅದೇ ಹೆಂಗಸು ‘ಹೌದು’ ಎನ್ನುತ್ತಾರೆ. ಗಂಡನೋ ಅತ್ತೆಯೋ ಪರವಾಗಿ ಉತ್ತರಿಸಿದರೆ ಮತ್ತೆ ಬೇರೆ. ಇದರ ಮೇಲೆ 2013ರಲ್ಲಿ ಅಂತರರಾಷ್ಟ್ರೀಯ ಶ್ರಮ ಅಂಕಿಅಂಶ ತಜ್ಞರ 19ನೇ ಸಮ್ಮೇಳನವು ಉದ್ಯೋಗದ ವ್ಯಾಖ್ಯೆಯನ್ನು ‘ಸಂಬಳಕ್ಕಾಗಿ ಅಥವಾ ಲಾಭಕ್ಕಾಗಿ ಮಾಡುವ ಕೆಲಸ’ ಎಂದು ಬಿಗಿಗೊಳಿಸಿತು. ಮನೆಯ ಊಟಕ್ಕಷ್ಟೇ ಬೆಳೆಯುವವರು ಅದರ ಪ್ರಕಾರ ಉದ್ಯೋಗಿಗಳಲ್ಲ. ಕೆಲವು ದೇಶಗಳು ಇದಕ್ಕೆ ಬದಲಾದವು, ಕೆಲವು ಹಳೆಯದನ್ನೇ ಇಟ್ಟುಕೊಂಡಿವೆ. ಬದಲಾದ ವರ್ಷ ಪ್ರಮಾಣ ಧುಮುಕಿದ ಹಾಗೆ ಕಾಣುತ್ತದೆ, ಹಳ್ಳಿಯಲ್ಲಿ ಏನೂ ಬದಲಾಗದಿದ್ದರೂ. ಎರಡು ವರ್ಷದ ಅಂಕಿಗಳ ನಡುವೆ ಗೆರೆ ಎಳೆಯುವ ಮೊದಲು ಎರಡೂ ಪ್ರಶ್ನಾವಳಿಗಳನ್ನು ತೆರೆದು ಓದಿ.

ಉತ್ತರ 4: ಅವಲಂಬನೆ_ಅನುಪಾತ

ಸಂಖ್ಯೆ ಬೆಳೆಯುವುದು ಬೇರೆ, ಪಾಲು ಬೆಳೆಯುವುದು ಬೇರೆ. ‘ಜನಸಂಖ್ಯಾ ಲಾಭಾಂಶ’, ಅಂದರೆ ಒಟ್ಟು ಜನಸಂಖ್ಯೆಯಲ್ಲಿ ದುಡಿಯುವ ವಯಸ್ಸಿನವರ ಪಾಲು ಏರಿದಾಗ ಆರ್ಥಿಕತೆಗೆ ಸಿಗಬಹುದಾದ ಲಾಭ, ಎಂಬ ಮಾತು ಪಾಲಿಗೆ ಮಾತ್ರ ಸೇರಿದ್ದು. ಇದನ್ನು ಯಾರೂ ಹೇಳದ್ದರಿಂದ ಸೇರಿಸುತ್ತಿದ್ದೇನೆ.

ನಿಮ್ಮ ಕೋಷ್ಟಕದಲ್ಲಿ ಈಗ 100 ಮಂದಿ ದುಡಿಯುವ ವಯಸ್ಸಿನವರಿಗೆ 61 ಅವಲಂಬಿತರು (161 + 28 ಅನ್ನು 311ರಿಂದ ಭಾಗಿಸಿ). ಒಟ್ಟು ಜನಸಂಖ್ಯೆ 539 ಲಕ್ಷಕ್ಕೆ ಬೆಳೆದರೆ 5 ವರ್ಷದ ಮೇಲೆ ಅದು 54. ತಲಾ ಆದಾಯದ ಬೆಳವಣಿಗೆಯಲ್ಲಿ ವಯೋರಚನೆಯ ನೇರ ಕೊಡುಗೆ ಎಷ್ಟು ಎಂದರೆ ದುಡಿಯುವ ವಯಸ್ಸಿನವರ ಬೆಳವಣಿಗೆ ದರದಿಂದ ಒಟ್ಟು ಜನಸಂಖ್ಯೆಯ ದರವನ್ನು ಕಳೆಯಿರಿ: 2.3 − 1.5 = 0.8 ಅಂಶ. ಅಷ್ಟೇ. ಅದೂ ಉದ್ಯೋಗದಲ್ಲಿರುವವರ ಪ್ರಮಾಣ ಕುಸಿಯದಿದ್ದರೆ. ಯುವಜನ ಖಾಲಿ ಕೂತರೆ ಈ 0.8 ಅಲ್ಲೇ ಕರಗುತ್ತದೆ.

ಜನನ ಇಳಿಯದ ದೇಶದಲ್ಲಿ ದುಡಿಯುವ ವಯಸ್ಸಿನವರು ವೇಗವಾಗಿ ಹೆಚ್ಚುತ್ತಾರೆ, ಮಕ್ಕಳೂ ಅಷ್ಟೇ ವೇಗದಲ್ಲಿ ಹೆಚ್ಚುತ್ತಾರೆ, ವ್ಯತ್ಯಾಸ ಸೊನ್ನೆಯ ಹತ್ತಿರ. ನೈಜೀರಿಯಾದ 2018ರ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 5.3 ಮಕ್ಕಳು. ಉದ್ಯೋಗದ ಒತ್ತಡ ಭಾರೀ, ಲಾಭಾಂಶ ಇನ್ನೂ ದೂರ. ದಕ್ಷಿಣ ಕೊರಿಯಾದಲ್ಲಿ 1960ರ ಹೊತ್ತಿಗೆ 6ರ ಆಸುಪಾಸಿನಲ್ಲಿದ್ದ ಸಂಖ್ಯೆ 1983ರ ಹೊತ್ತಿಗೆ 2.1ರ ಕೆಳಗೆ ಇಳಿದಿತ್ತು. ಬಾಂಗ್ಲಾದೇಶ 1970ರ ದಶಕದ ನಡುವೆ 6.3 ಇದ್ದದ್ದು 2011ಕ್ಕೆ 2.3 ಮಾಡಿಕೊಂಡಿತು. ಬೇಗ ಇಳಿದಷ್ಟೂ ಪಾಲು ಎತ್ತರಕ್ಕೆ ಏರುತ್ತದೆ, ಹಾಗೆಯೇ ಬೇಗ ಮುಗಿಯುತ್ತದೆ. ಚೀನಾದಲ್ಲಿ 15–59ರವರ ಸಂಖ್ಯೆ 2012ರಲ್ಲೇ 34.5 ಲಕ್ಷ ಇಳಿಯಿತು.

ಗಮನಿಸಿ, ಆ ಅಂಕಿ 15–59. ವಿಶ್ವಸಂಸ್ಥೆ ಸಾಮಾನ್ಯವಾಗಿ ಬಳಸುವುದು 15–64, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 15 ದಾಟಿದ ಎಲ್ಲರನ್ನೂ ಸೇರಿಸುತ್ತದೆ. ನಿಮ್ಮದೇ ಕೋಷ್ಟಕದಲ್ಲಿ 15–59 ಹಿಡಿದರೆ ಅವಲಂಬಿತರು 100ಕ್ಕೆ 61 ಅಲ್ಲ, 67. ದೇಶ ಅದೇ, ಜನ ಅದೇ.

ಕೋಷ್ಟಕ_ಅಭ್ಯಾಸ

ಎಲ್ಲರಿಗೂ ಧನ್ಯವಾದಗಳು. ಸಾವುಗಳನ್ನು ಸೇರಿಸಿ ಮಾಡಿದೆ, 349.3 ಸರಿಯಾಗಿ ಬಂತು. ಇನ್ನೊಂದೇ ಪ್ರಶ್ನೆ: ಇದೇ ವಿಧಾನವನ್ನು ದೇಶದೊಳಗಿನ ಒಂದು ಪ್ರಾಂತ್ಯಕ್ಕೆ ಹಾಕಬಹುದಾ?

ವಯೋಗೋಪುರ

ಹಾಕಬಹುದು, ಆದರೆ ವಲಸೆಯ ಕಾಲಂ ಇಲ್ಲದೆ ಬೇಡ. ದೇಶದ ಮಟ್ಟದಲ್ಲಿ ವಲಸೆ ಸಣ್ಣದಿರಬಹುದು, ಪ್ರಾಂತ್ಯದಲ್ಲಿ ಅದೇ ಎಲ್ಲವನ್ನೂ ತಿರುಗಿಸುತ್ತದೆ. 10 ವರ್ಷ ಅಂತರದ ಎರಡು ಗಣತಿಗಳಿದ್ದರೆ ಹೀಗೆ ಮಾಡಿ: ಹಿಂದಿನ ಗಣತಿಯ 10–14ರವರನ್ನು 10 ವರ್ಷದ ಬದುಕುಳಿಯುವ ಪ್ರಮಾಣದಿಂದ ಗುಣಿಸಿ, ಈಗಿನ 20–24ರ ಎಣಿಕೆಯಿಂದ ಅದನ್ನು ಕಳೆಯಿರಿ. ಉಳಿದದ್ದು ಆ ಗುಂಪಿನ ನಿವ್ವಳ ವಲಸೆ, ಋಣ ಬಂದರೆ ಹೊರಹೋದವರು. ಪ್ರತಿ ಗುಂಪಿಗೂ ಗಂಡು, ಹೆಣ್ಣು ಬೇರೆ ಬೇರೆ ಮಾಡಿ, ಏಕೆಂದರೆ ಗಂಡಸರು ಕೆಲಸಕ್ಕೂ ಹೆಂಗಸರು ಮದುವೆಗೂ ಬೇರೆ ಬೇರೆ ವಯಸ್ಸಿನಲ್ಲಿ ಊರು ಬಿಡುವ ಕಡೆ ಕೂಡಿಸಿ ನೋಡಿದರೆ ಏನೂ ಕಾಣುವುದಿಲ್ಲ.

ಆ ಉಳಿಕೆಯಲ್ಲಿ ಮೇಲೆ ಸಮೀಕ್ಷೆ_ತಪಾಸಣೆ ಅವರು ಹೇಳಿದ ವಯಸ್ಸಿನ ತಪ್ಪುಗಳೂ, ಎರಡು ಗಣತಿಗಳ ಎಣಿಕೆಯ ವ್ಯತ್ಯಾಸವೂ ಬೆರೆತಿರುತ್ತವೆ. ಎಲ್ಲ ಪ್ರಾಂತ್ಯಗಳ ಉಳಿಕೆಯನ್ನೂ ಗುಂಪುವಾರು ಕೂಡಿ ನೋಡಿ. ಹೊರದೇಶದ ವಲಸೆ ಸಣ್ಣದಿದ್ದರೆ ಮೊತ್ತ ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಆ ಗುಂಪಿನ ವ್ಯತ್ಯಾಸವನ್ನು ಮೊದಲು ಪ್ರಾಂತ್ಯಗಳಿಗೆ ಅವುಗಳ ಜನಸಂಖ್ಯೆಗೆ ತಕ್ಕಂತೆ ಹಂಚಿ ಸರಿಪಡಿಸಿ, ಆಮೇಲೆ ಮುಂದಿನ 5 ವರ್ಷಕ್ಕೆ ಹೋಗಿ.